ಸರಗೂರಿನಲ್ಲಿ ಇಂಜಿನ್ ನೋಡುವ ಶಾಸ್ತ್ರ

ಹುಣಸೂರಿಗೆ ಇನ್ನೂ ರೈಲು ಬಂದಿಲ್ಲ ಎನ್ನುವವರು ನನ್ನ ಸೋದರಮಾವನ ಮನೆಗೆ ಬಂದಿಲ್ಲವೆಂದೇ ಅರ್ಥ! ಆ ರೈಲಿನ ದೆಸೆಯಿಂದ ಮೊನ್ನೆ ನಾವಿಬ್ಬರೂ ಸರಗೂರಿಗೆ ಹೊರಟಾಗ ಏನೇನು ಕೆಡಬಹುದಿತ್ತು ನೋಡಿ. ಟೈರು ಪಂಕ್ಚರ್ ಆಗಬಹುದಿತ್ತು. ಎಚ್.ಡಿ. ಕೋಟೆ ದಾಟಿದ ಮೇಲೆ ಆನೆ ಅಡ್ಡ ಬರಬಹುದಿತ್ತು. ಮಾವನ ಬಿ.ಪಿ. ಏರಬಹುದಿತ್ತು, ಅದನ್ನು ನೋಡಿ ನನ್ನದು ಇನ್ನೂ ಮೇಲೇರಬಹುದಿತ್ತು. ಹೋದ ಮನೆಯವರು ಬಾಗಿಲಲ್ಲೇ ಬೈದು ಅಟ್ಟಬಹುದಿತ್ತು. ಇವಿಷ್ಟನ್ನೂ ನಾನು ಹಿಂದಿನ ದಿನವೇ ಮನಸ್ಸಿನಲ್ಲಿ ಅನುಭವಿಸಿ ಮುಗಿಸಿದ್ದೆ. ಕೆಟ್ಟದ್ದು ಬೇರೆಯೇ ಒಂದು.

ಮಾವನ ಇಂಜಿನ್ ಗೇಣುದ್ದದ್ದು. ಆಟಿಕೆ ಅಂದೀರಿ, ಜೋಕೆ! 'ಮಾಡೆಲ್' ಅನ್ನಬೇಕು. ಹಳೆಯ ಕಾಲದ್ದು, ಬಿಡಿಭಾಗ ಎಲ್ಲೂ ಸಿಗದು. ಮೊದಲು ಅದರ ಮೋಟರಿಗೆ ಕರೆಂಟು ಹಾಯಿಸುವ ಕಾರ್ಬನ್ ತುಂಡು ಸವೆಯಿತು. ಮರುದಿನವೇ ಅತ್ತೆಯ ಮಿಕ್ಸಿ ನಿಂತಿತು! ಮಿಕ್ಸಿಯ ಕಾರ್ಬನ್ನನ್ನು ಅರದಿಂದ ಉಜ್ಜಿ, ಸಣ್ಣದು ಮಾಡಿ, ಮಾವ ಇಂಜಿನ್ನಿಗೆ ಕೂರಿಸಿದ್ದರು.

"ನಿಮ್ಮ ರೈಲು ಓಡ್ತದೆ, ನನ್ನ ಚಟ್ನಿ ನಿಂತದೆ. ಇಡ್ಲಿ ಪಕ್ಕಕ್ಕೆ ಇಂಜಿನ್ನೇ ಬಡಿಸ್ಲಾ?" ಎಂದರು ಅತ್ತೆ.

ಆಮೇಲೆ ಗಿಯರ್ ಮುರಿಯಿತು. ಕೆ.ಆರ್. ನಗರದಲ್ಲಿ ನಿಜವಾದ ರೈಲೇ ಇದೆಯಲ್ಲ? ಮಾವ ನನ್ನನ್ನೂ ಎಳೆದುಕೊಂಡು ನೇರ ಸ್ಟೇಷನ್ ಮಾಸ್ತರ ಮುಂದೆ ನಿಂತರು.

"ಇಂಜಿನ್ ಗಿಯರ್ ಮುರ್ದು ನಿಂತದೆ ಸಾ."

ಮಾಸ್ತರು ಕುರ್ಚಿಯಿಂದ ಎದ್ದೇಬಿಟ್ಟರು. "ಎಲ್ರೀ? ಯಾವ ಲೈನಲ್ಲಿ?"

"ನಮ್ಮನೆ ಊಟದ ಮೇಜಿನ ಮ್ಯಾಲೆ."

ಮುಂದಿನ ಮಾತು ನನಗೆ ಗೊತ್ತಿಲ್ಲ. ನಾನಾಗಲೇ ಕಾರಿನೊಳಗೆ ಅಡಗಿ ಕೂತಿದ್ದೆ!

ಕೊನೆಗೆ ವಾಚ್ ರಿಪೇರಿಯವನೊಬ್ಬ ಸುದ್ದಿ ಕೊಟ್ಟ: ಸರಗೂರಿನಲ್ಲಿ ಹಿಂದೆ ಬಟ್ಟೆ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರ ಹತ್ತಿರ ಥೇಟ್ ಇಂಥದ್ದೇ ಇಂಜಿನ್ ಇದೆ. ಅದರ ಮೋಟರ್ ಸುಟ್ಟಿದೆ, ಗಿಯರ್ ಗಟ್ಟಿಯಾಗಿದೆ. ನಮ್ಮದರಲ್ಲಿ ಗಿಯರ್ ಹೋಗಿದೆ, ಮೋಟರ್ ಗಟ್ಟಿ. ಎರಡೂ ಸೇರಿದರೆ ಒಂದು ಓಡುತ್ತದೆ, ಇನ್ನೊಂದು ಶಾಶ್ವತವಾಗಿ ಖಾಲಿ ತಗಡು. ಯಾರದ್ದು ಓಡಬೇಕು?

"ನಮ್ದೇ ಕಣ್ಲಾ! ಇನ್ಯಾರ್ದು?" ಎಂದರು ಮಾವ. ಇಸ್ತ್ರಿ ಮಾಡಿದ ಪಂಚೆ, ಕೈಯಲ್ಲಿ ಹಣ್ಣಿನ ಚೀಲ. ಹೆಣ್ಣು ನೋಡಲು ಹೊರಟವರಂತಿದ್ದರು.

ಸಾಹೇಬರು ಮರ್ಯಾದೆಯಿಂದಲೇ ಕೂರಿಸಿದರು. ಅವರು ಹಳಿ ಜೋಡಿಸಿಟ್ಟಿದ್ದ ಮೇಜಿನ ಮೇಲೆ ಎರಡು ಇಂಜಿನ್ನುಗಳೂ ಎದುರುಬದುರಾದವು.

"ನಿಮ್ಮ ಮೋಟರ್ ಕೊಟ್ಬುಡಿ ಗೌಡ್ರೇ."

"ನಿಮ್ಮ ಗಿಯರ್ ಕೊಟ್ಬುಡಿ ಸಾಹೇಬ್ರೇ."

"ನಿಮ್ದು ಹೆಂಗಿದ್ರೂ ಕೆಟ್ಟೋಗೈತಲ್ಲ?"

"ನಿಮ್ದೇನು ಮೈಸೂರ್ಗಂಟ ಓಡ್ತಾ ಐತಾ?"

ಟೀ ಬಂತು, ಆರಿತು. ಮಾವನ ಕಿವಿ ಕೆಂಪಾಯಿತು. ನಾನು ಕಾರಿನ ಕೀಯನ್ನು ಕೈಗೆ ತೆಗೆದುಕೊಂಡೆ, ಓಡಬೇಕಾಗಿ ಬಂದರೆ ಇರಲಿ ಎಂದು!

"ಎಲ್ಲಿ, ಒಸಿ ನೋಡಾನ," ಎಂದು ಸಾಹೇಬರು ನಮ್ಮ ಇಂಜಿನ್ನಿಗೆ ಕೈ ಚಾಚಿದರು. ಕೈ ಬಿಸ್ಕತ್ತಿನ ತಟ್ಟೆಯೊಳಗೆ ಇಳಿಯಿತು. ಅಲ್ಲಿಂದ ತಡಕಾಡುತ್ತ ಬಂದು ಇಂಜಿನ್ನಿನ ಚಿಮಣಿಯನ್ನು ಮುಟ್ಟಿತು.

"ಕಣ್ಣು ಪೂರ್ತಿ ಹೋಗ್ಬುಟ್ಟದೆ ಗೌಡ್ರೇ. ಡಾಕ್ಟ್ರೂ ಆಗಲ್ಲ ಅಂದ್ರು. ನಮ್ ಇಂಜಿನ್ ಸದ್ದಾದ್ರೂ ಕಿವೀಗೆ ಬೀಳ್ಲಿ ಅಂತ ಆಸೆ. ಅದ್ಕೇ ಗಿಯರ್ ಕೊಡಾಕಿಲ್ಲ."

ಯಾರಿಗೂ ಒಂದು ಸ್ಕ್ರೂ ಸಹ ಕೊಟ್ಟವರಲ್ಲ ನನ್ನ ಮಾವ. ಅವರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು. ಯಾರ ಇಂಜಿನ್ ಬಿಚ್ಚುತ್ತಾರೆ?

ತಮ್ಮದನ್ನು ಬಿಚ್ಚಿದರು. ಮೋಟರ್ ಕಿತ್ತು ಸಾಹೇಬರ ಇಂಜಿನ್ನಿಗೆ ಕೂರಿಸಿ, ಹಳಿಯ ಮೇಲಿಟ್ಟು, ಬ್ಯಾಟರಿ ಜೋಡಿಸಿದರು. ಗರ್‌ರ್‌ರ್... ಹೊರಟೇಬಿಟ್ಟಿತು! ಸಾಹೇಬರು ಮೇಜಿಗೆ ಕಿವಿಯಿಟ್ಟು ಆಲಿಸಿದರು. ಮುಖ ಇಷ್ಟಗಲವಾಯಿತು. ಆಮೇಲೆ ಓಡುವ ಇಂಜಿನ್ನಿನ ಮೈಗೆ ಬೆರಳು ಸೋಕಿಸಿ ಗಟ್ಟಿಯಾಗಿ ನಕ್ಕರು.

"ಹಿಂದ್ಹಿಂದಕ್ಕೆ ಓಡ್ತಾ ಐತಲ್ಲ ಗೌಡ್ರೇ!"

ಹೌದು, ಕೆಟ್ಟದ್ದು ಅದೊಂದೇ. ಎರಡು ತಂತಿ ಅದಲುಬದಲಾಗಿದ್ದವು. ನನ್ನಂಥವನೂ ನಿಂತಲ್ಲೇ ಸರಿಮಾಡಬಹುದು. ಮಾಡೋಣವೆಂದು ಕೈ ಚಾಚಿದೆ. ಮಾವ ನನ್ನ ಕೈಮೇಲೆ ಪಟ್ಟೆಂದು ಹೊಡೆದು, ಸ್ಕ್ರೂಡ್ರೈವರನ್ನು ಜೇಬಿಗಿಳಿಸಿದರು.

"ಇದು ದೊಡ್ಡ ರಿಪೇರಿ ಸಾಹೇಬ್ರೇ. ಇವತ್ತಿಗೆ ಆಗಾದಲ್ಲ. ಬರೋ ಭಾನ್ವಾರ ಬತ್ತೀನಿ."