ಅತ್ತೆಯ ಕೋಲು, ಅಳಿಯನ ಗಾಲ್ಫು

ಒಂದು "ಹೂಂ" ಮನುಷ್ಯನನ್ನು ಎಲ್ಲಿಗೆ ಬೇಕಾದರೂ ಒಯ್ದೀತು. ಹೂಂಗುಟ್ಟಪ್ಪನನ್ನು ಅದು ಈವರೆಗೆ ಏಳು ಊರುಗಳಿಗೆ ಒಯ್ದಿತ್ತು.

ಹೂಂಗುಟ್ಟಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ವಿಮಾ ಕಚೇರಿಯ ಗೆಳೆಯರು ಇಟ್ಟದ್ದು. ಪಾಪ, "ಇಲ್ಲ" ಎಂಬ ಎರಡಕ್ಷರ ಅವನ ಗಂಟಲಲ್ಲಿ ಹುಟ್ಟುತ್ತಲೇ ಇರಲಿಲ್ಲ. "ಈ ಫೈಲೊಂದು ನೋಡ್ತೀರಾ?" ಹೂಂ. "ಶನಿವಾರ ನನ್ನ ಬದಲು ನೀವು ಬರ್ತೀರಾ?" ಹೂಂ. "ಆ ಊರಿಗೆ ಯಾರೂ ಹೋಗಲ್ಲ ಅಂತಿದ್ದಾರೆ, ನೀವು..." ಹೂಂ. ಹೀಗೆ ಹದಿನೆಂಟು ವರ್ಷದಲ್ಲಿ ಏಳು ವರ್ಗ, ಏಳು ಬಾಡಿಗೆ ಮನೆ. ಏಳು ಸಲವೂ ಪಾತ್ರೆ ಪಡಗ ಗಂಟು ಕಟ್ಟಿದವಳು ಹೆಂಡತಿ. ಈ ಏಳನೆಯ ಊರಿನಲ್ಲಿ ಆಕೆ ಮುಂದಿನ ಕೋಣೆಯಲ್ಲೊಂದು ಹೊಲಿಗೆ ತರಗತಿ ತೆರೆದು, ಎರಡು ವರ್ಷ ಏಗಿ, ಹನ್ನೊಂದು ಜನ ಹೆಣ್ಣುಮಕ್ಕಳನ್ನು ಕೂಡಿಸಿದ್ದಳು.

"ಎಂಟನೇ ಸಲ ನಾನು ಗಂಟು ಕಟ್ಟೋಳಲ್ಲ ರೀ," ಎಂದು ಒಂದು ಸಂಜೆ ಹೇಳಿದಳು. "ನೀವು ಹೋಗಿ. ನಾನೂ ಅಮ್ಮನೂ ಇಲ್ಲೇ ಇರ್ತೀವಿ."

ಕೋಪದಲ್ಲಿ ಹೇಳಿದ್ದರೆ ಅವನು ಅಷ್ಟು ಹೆದರುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸುತ್ತಾ, ದಣಿದ ದನಿಯಲ್ಲಿ ಹೇಳಿದ್ದಳು.

ಮರುದಿನವೇ ಕಚೇರಿಯ ಲಿಫ್ಟಿನಲ್ಲಿ ಟಪಾಲು ಗುಮಾಸ್ತ ಅವನ ಕಿವಿಯಲ್ಲಿ ಊದಿದ: "ಗೊತ್ತಾಯ್ತಾ? ನಮ್ಮ ಕಚೇರಿಯಿಂದ ಒಬ್ಬರನ್ನ ರೈಲು ಹಳಿ ಮುಗಿಯೋ ಊರಿಗೆ ಹಾಕಿದ್ದಾರಂತೆ. ಆದೇಶ ದೊಡ್ಡ ಸಾಹೇಬರ ಜೇಬಲ್ಲಿದೆ. ನಿಮ್ಮನ್ನ ಬಿಟ್ಟು ಇನ್ಯಾರನ್ನ ಕಳಿಸ್ತಾರೆ ಹೇಳಿ!"

ಆ ಗಳಿಗೆಯಲ್ಲೇ ಲಿಫ್ಟಿನ ಬಾಗಿಲು ತೆರೆದು ದೊಡ್ಡ ಸಾಹೇಬರು ಒಳಗೆ ಬಂದರು. ಮೇಲಕ್ಕೂ ಕೆಳಕ್ಕೂ ಅವನನ್ನೊಮ್ಮೆ ನೋಡಿದರು.

"ಏನ್ರೀ, ನಿಮಗೆ ಗಾಲ್ಫ್ ಬರುತ್ತಾ?"

"ಹೂಂ, ಸರ್."

"ಭಲೇ! ಮೂರು ವಾರ ನಾನು ಪ್ರವಾಸ. ಬಂದ ಮೇಲೆ ಭಾನುವಾರ ನಾಲ್ಕು ಗಂಟೆಗೆ ಮೈದಾನಕ್ಕೆ ಬನ್ನಿ."

ಹೂಂಗುಟ್ಟಪ್ಪ ಗಾಲ್ಫ್ ಕೋಲನ್ನು ಕಂಡದ್ದು ಕ್ಯಾಲೆಂಡರಿನ ಚಿತ್ರದಲ್ಲಿ ಮಾತ್ರ. ಆದರೂ ಲಿಫ್ಟು ನಾಲ್ಕನೆಯ ಮಹಡಿ ಮುಟ್ಟುವಷ್ಟರಲ್ಲಿ ಅವನಿಗೊಂದು ಆಸೆ ಹುಟ್ಟಿತು. ಸಾಹೇಬರ ಎದುರು ಒಂದೇ ಒಂದು ಹೊಡೆತ ಚೆನ್ನಾಗಿ ಹೊಡೆದರೆ, ಅವರು ಖುಷಿಯಾಗಿರುವಾಗಲೇ ವರ್ಗದ ಮಾತು ತೆಗೆದು, ತನ್ನ ಹೆಸರು ಹೊಡೆದುಹಾಕಿಸಬಹುದು.

ಗುರು ಸಿಕ್ಕಿದ್ದು ಫೋನಿನ ವಿಡಿಯೋದಲ್ಲಿ, ರಾತ್ರಿ ಮನೆಯ ಕೋಣೆಯಲ್ಲಿ. ಹ್ಯಾಟು ತೊಟ್ಟ ಬಿಳಿಗಡ್ಡದವನೊಬ್ಬ ಎದುರಿಗೆ ನಿಂತು ಬೀಸಿ ತೋರಿಸುತ್ತಿದ್ದ. ಏನು ಹೇಳುತ್ತಿದ್ದನೋ ದೇವರೇ ಬಲ್ಲ, ಯಾಕೆಂದರೆ ಶಬ್ದ ಹಾಕಿದರೆ ಅತ್ತೆಗೆ ಎಚ್ಚರವಾಗುತ್ತಿತ್ತು. ಆದರೆ ನೋಡಿ ಕಲಿಯುವ ವಿದ್ಯೆ ಹೂಂಗುಟ್ಟಪ್ಪನಿಗೆ ಶಾಲೆಯಿಂದಲೇ ಗೊತ್ತು. ಡ್ರಿಲ್ ಮೇಷ್ಟ್ರು ಎದುರಿಗೆ ನಿಂತು ಯಾವ ಕಡೆಯ ಕೈ ಎತ್ತುತ್ತಾರೋ, ಮಕ್ಕಳೂ ಆ ಕಡೆಯ ಕೈ ಎತ್ತಬೇಕು. ಅಷ್ಟೇ. ಗಡ್ಡದವನ ಕೋಲು ಕಿಟಕಿಯ ಕಡೆಗೆ ಹೋದರೆ ಇವನ ಕೋಲೂ ಕಿಟಕಿಯ ಕಡೆಗೆ, ಬಾಗಿಲ ಕಡೆಗೆ ಬಂದರೆ ಇವನದೂ ಬಾಗಿಲ ಕಡೆಗೆ.

ಕೋಲೆಂದರೆ ಅತ್ತೆಯ ಊರುಗೋಲು. ತಲೆಕೆಳಗಾಗಿ ಹಿಡಿದರೆ ಬಾಗಿದ ಹಿಡಿ ನೆಲಕ್ಕೆ ಬಂದು ಥೇಟ್ ಗಾಲ್ಫ್ ಕೋಲೇ. ಚೆಂಡು, ಸುತ್ತಿ ಹೊಲಿದ ಹಳೆಯ ಕಾಲುಚೀಲ. ದಿನಾ ಬೆಳಿಗ್ಗೆ ತಾರಸಿಯ ಮೇಲೆ ಒಂದು ತಾಸು, ಕಚೇರಿಯಿಂದ ಬಂದು ಒಂದು ತಾಸು. ಇಪ್ಪತ್ತು ದಿನದಲ್ಲಿ ಅವನ ಸೊಂಟ ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟತೊಡಗಿತ್ತು. ಮಲಗಿದರೆ ಏಳಲಾಗದು, ಎದ್ದರೆ ಕೂರಲಾಗದು. ಯಾಕಾದರೂ ಹುಟ್ಟಿದೆನೋ ಎನ್ನಿಸಿಬಿಟ್ಟಿತ್ತು.

ಹಾಗೂ ಹೀಗೂ ಆ ಭಾನುವಾರ ಬಂತು. ಬೆಳಿಗ್ಗೆ ಕಡೆಯ ಅಭ್ಯಾಸ. ಬಟ್ಟೆ ಒಣಹಾಕಲು ಬಂದ ಹೆಂಡತಿ ಬಕೆಟ್ಟು ಕೆಳಗಿಟ್ಟು ನಿಂತು ನೋಡಿದಳು.

"ಆ ಭುಜ ಯಾಕ್ರೀ ಕಿವಿಗೆ ಅಂಟಿಸ್ಕೊಂಡಿದ್ದೀರ? ಕೆಳಗೆ ಬಿಡಿ. ತೋಳು ಕೂರಿಸೋ ಜಾಗ ಸಡಿಲ ಇರ್ಬೇಕು, ಇಲ್ದಿದ್ರೆ ಅಂಗಿ ಆದ್ರೂ ಹರಿಯುತ್ತೆ, ಮೈ ಆದ್ರೂ ಹರಿಯುತ್ತೆ."

ಭುಜ ಇಳಿಸಿ ಬೀಸಿದ. ಕಾಲುಚೀಲ ನೀರಿನ ತೊಟ್ಟಿಯವರೆಗೆ ಹೋಯಿತು. ಹಿಂದೆಂದೂ ಅಷ್ಟು ದೂರ ಹೋಗಿರಲಿಲ್ಲ.

ಹೆಂಡತಿ ಮಾತ್ರ ಹುಬ್ಬು ಗಂಟಿಕ್ಕಿಕೊಂಡೇ ಇದ್ದಳು. "ಆದ್ರೂ ಏನೋ ಉಲ್ಟಾ ಇದೆ ರೀ. ಒಳಮೈ ಹೊರಗೆ ಮಾಡಿ ಹೊಲಿದ ಹಾಗೆ ಕಾಣುತ್ತೆ."

"ಹೂಂ," ಎಂದ ಹೂಂಗುಟ್ಟಪ್ಪ. ಇನ್ನೂ ಏನು ಕೇಳುತ್ತಿದ್ದನೋ, ಕೆಳಗಿನಿಂದ ಅತ್ತೆಯ ಕೂಗು ಬಂತು.

"ಅಳಿಯಂದಿರೇ! ಕೋಲು! ಬಚ್ಚಲಿಗೆ ಹೋಗ್ಬೇಕು!"

ಎರಡು ಮಹಡಿ ಇಳಿದು ಕೋಲು ಕೊಟ್ಟು, ಬಚ್ಚಲ ಬಾಗಿಲಲ್ಲಿ ಕಾದು, ಮತ್ತೆ ಎರಡು ಮಹಡಿ ಹತ್ತಿದ. ಆ ಬೆಳಿಗ್ಗೆ ಅದು ನಾಲ್ಕನೆಯ ಸಲ. ವಾಪಸು ಬರುವಷ್ಟರಲ್ಲಿ ಹೆಂಡತಿ ಹೋಗಿ, ಅವಳ ಜಾಗದಲ್ಲಿ ತಾರಸಿಯ ಕೆಳಗಿನ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಮೂರು ವಾರದಿಂದ ನಿಮ್ಮ ಕಾಲಿನ ದಬದಬ ಕೇಳ್ತಾ ಇದ್ದೀನಿ ಸ್ವಾಮಿ. ತಾಳವೇ ಇಲ್ಲ! ತಲೆ ಯಾಕೆ ಎತ್ತುತೀರಿ? ಚೆಂಡು ಎಲ್ಲೂ ಓಡಿಹೋಗಲ್ಲ. ನೋಟ ನೆಲದ ಮೇಲೆ! ಒಂದು ಅಂದ್ರೆ ಹಿಂದಕ್ಕೆ, ಎರಡು ಅಂದ್ರೆ ಮುಂದಕ್ಕೆ."

"ಹೂಂ, ಸರ್. ಕಡೆ ಸರಿಯಿದೆಯಾ ಸರ್? ಗಡ್ಡದವನು ಎದುರಿಗೆ ನಿಂತು ಹೀಗೆ ಮಾಡ್ತಾನೆ."

"ಎದುರಿಗೆ ನಿಂತವನು ಯಾವ ಕಡೆಯೋ ನಾವೂ ಅದೇ ಕಡೆ. ಮೂವತ್ತೈದು ವರ್ಷ ಅದನ್ನೇ ಕಲಿಸಿದ್ದೀನಿ. ಹೂಂ, ಒಂದು!"

ಕೋಲು ಹಿಂದಕ್ಕೆ ಹೋಯಿತು.

"ಎರಡು!"

ಕೋಲು ಮುಂದಕ್ಕೆ ಬಂತು. ಅದು ಚೆಂಡು ದಾಟಿ ಆಕಾಶಕ್ಕೆ ಏರುತ್ತಿದ್ದಂತೆಯೇ ಮೇಷ್ಟ್ರು ಹಳೆಯ ಅಭ್ಯಾಸಬಲದಿಂದ, "ವಿಶ್ರಾಮ್!" ಎಂದುಬಿಟ್ಟರು. ಹೇಳಿದ್ದನ್ನು ಮೀರುವ ಮೈಯೇ ಅದು? ಹೂಂಗುಟ್ಟಪ್ಪನ ಎರಡೂ ಕೈ ತಕ್ಷಣ ಸಡಿಲವಾದವು. ಅತ್ತೆಯ ಕೋಲು ಗಿರಗಿರ ತಿರುಗುತ್ತಾ ತಾರಸಿ ದಾಟಿ, ಪಕ್ಕದ ಬಡಗಿಯ ತಗಡಿನ ಛಾವಣಿಯ ಮೇಲೆ ಢಮಾರೆಂದು ಬಿತ್ತು.

ಸರಿಯಾಗಿ ಅದೇ ಹೊತ್ತಿಗೆ, "ಅಳಿಯಂದಿರೇ! ಕೋಲು!"

ಬಡಗಿ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಉಳಿ ಹಿಡಿದುಕೊಂಡೇ ಮೇಲೆ ಬಂದ. ಜಗಳಕ್ಕೇ ಬಂದಿದ್ದ. ಆದರೆ ಹೂಂಗುಟ್ಟಪ್ಪ ಕೈಯೆತ್ತಿ ಮುಗಿದ ರೀತಿ ನೋಡಿದರೆ ಅವನೊಂದಿಗೆ ಜಗಳವಾಡುವುದು ಒದ್ದೆ ಕಟ್ಟಿಗೆಗೆ ಬೆಂಕಿ ಹಚ್ಚಿದ ಹಾಗೆಯೇ ಎಂದು ಬಡಗಿಗೂ ತಿಳಿಯಿತು. ಕೋಲು ವಾಪಸು ಕೊಟ್ಟು, ಹೂಂಗುಟ್ಟಪ್ಪ ಅದನ್ನು ಹಿಡಿದ ರೀತಿ ನೋಡಿದ.

"ಕೋಲು ಹಿಂಗಾ ಹಿಡಿಯೋದು?" ಎಂದ. "ಕತ್ತು ಹಿಸುಕ್ತಾ ಇದ್ದೀರಲ್ಲ ಅಣ್ಣಾ. ಉಪಕರಣಕ್ಕೆ ಅದರದೇ ಭಾರ ಇರುತ್ತೆ. ಅದರ ಪಾಡಿಗೆ ಬೀಳೋಕೆ ಬಿಡಿ. ನೀವು ದಾರಿ ತೋರಿಸಿದ್ರೆ ಸಾಕು. ಸುತ್ತಿಗೆ ಹೊಡೆಯೋನು ಬೆವರಿದ್ರೆ ಮೊಳೆ ಸೊಟ್ಟ ಹೋಯ್ತು ಅಂತಲೇ ಲೆಕ್ಕ."

ಅತ್ತೆಯನ್ನು ಬಚ್ಚಲಿಗೆ ಹೆಂಡತಿ ಹೆಗಲು ಕೊಟ್ಟು ಕರೆದೊಯ್ದಳು. ತಾರಸಿಯ ಮೇಲೆ ಹೂಂಗುಟ್ಟಪ್ಪ ಭುಜ ಇಳಿಸಿದ, ತಲೆ ತಗ್ಗಿಸಿದ, ಕೋಲನ್ನು ಅದರ ಪಾಡಿಗೆ ಬಿಟ್ಟ. ಕಾಲುಚೀಲ ತೊಟ್ಟಿಯನ್ನೂ ದಾಟಿ ಬೀದಿಯಾಚೆ ಎಲ್ಲಿಗೋ ಹೊರಟುಹೋಯಿತು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಬಡಗಿ ತಲೆದೂಗಿದ. ಹೂಂಗುಟ್ಟಪ್ಪನಿಗೆ ಅಳು ಬಂತು, ಸುಸ್ತಿಗೋ ಸಂತೋಷಕ್ಕೋ ಅವನಿಗೇ ತಿಳಿಯಲಿಲ್ಲ.

ಮೈದಾನಕ್ಕೆ ಬಸ್ಸಿರಲಿಲ್ಲ. ಕಡೆಯ ನಿಲ್ದಾಣದಿಂದ ಒಂದೂವರೆ ಮೈಲಿ ನಡೆದು, ಕಾವಲಿನವನಿಗೆ ಮೂರು ಸಲ ತಾನು ಯಾರೆಂದು ಹೇಳಿ ಒಳಹೊಕ್ಕಾಗ ದೊಡ್ಡ ಸಾಹೇಬರು ಬಿಳಿ ಟೋಪಿ ತೊಟ್ಟು ಕಾಯುತ್ತಿದ್ದರು.

"ಮೊದಲು ನೀವು ಹೊಡೀರಿ, ನೋಡೋಣ."

ಮೈದಾನದ ನರೆಗೂದಲ ಕೋಲುಗಾರ ಒಂದು ಕೋಲು ತಂದುಕೊಟ್ಟ. ಹೂಂಗುಟ್ಟಪ್ಪ ಚೆಂಡಿನ ಪಕ್ಕ ನಿಂತ. ಭುಜ ಇಳಿಸಿದ. ತಲೆ ತಗ್ಗಿಸಿದ. ತಗ್ಗಿಸಿದ ಕಣ್ಣಿಗೆ ಕೋಲಿನ ತುದಿ ಕಾಣಿಸಿತು. ಅದಕ್ಕೊಂದು ಚಪ್ಪಟೆ ಮುಖವಿತ್ತು. ಆ ಮುಖ ಮುಂದಕ್ಕೆ ನೋಡುವ ಬದಲು ಹಿಂದಕ್ಕೆ ನೋಡುತ್ತಿತ್ತು. ಚೆಂಡಿನ ಕಡೆಗಿದ್ದದ್ದು ಗುಂಡನೆಯ ಬೆನ್ನು.

"ಸ್ವಾಮಿ, ನೀವು ಎಡಗಡೆಯೋರಾ?" ಎಂದು ಕೋಲುಗಾರ ಮೆಲ್ಲಗೆ ಕೇಳಿದ. "ಇದು ಬಲಗಡೆಯೋರ ಕೋಲು. ಜನವೆಲ್ಲ ಆ ಪಕ್ಕ ನಿಲ್ತಾರೆ."

ಹೂಂಗುಟ್ಟಪ್ಪನಿಗೆ ಒಮ್ಮೆಲೇ ಎಲ್ಲ ತಿಳಿಯಿತು. ಗಡ್ಡದವನನ್ನು ಅವನು ಕನ್ನಡಿಯಂತೆ ಕಲಿತಿದ್ದ. ಡ್ರಿಲ್ ಮೇಷ್ಟ್ರುಗಳು ಮಕ್ಕಳಿಗಾಗಿ ತಾವೇ ಎಡಬಲ ಅದಲುಬದಲು ಮಾಡಿಕೊಂಡು ನಿಲ್ಲುತ್ತಾರೆ, ಗಡ್ಡದವನು ಹಾಗೆ ನಿಂತಿರಲಿಲ್ಲ. ಅತ್ತೆಯ ಕೋಲಿಗೆ ಎಡವೂ ಒಂದೇ ಬಲವೂ ಒಂದೇ ಆದ್ದರಿಂದ ಅದು ಒಂದು ದಿನವೂ ಚಾಡಿ ಹೇಳಿರಲಿಲ್ಲ.

ಆ ಪಕ್ಕಕ್ಕೆ ಹೋಗಿ ನಿಂತು ಬೀಸಿದ. ಗಾಳಿ ಬಿಟ್ಟರೆ ಬೇರೇನೂ ಏಟು ತಿನ್ನಲಿಲ್ಲ. ಮತ್ತೆ ಬೀಸಿದ. ಒಂದು ಹಿಡಿ ಹುಲ್ಲು ಎದ್ದು ಸಾಹೇಬರ ಬೂಟಿನ ಮೇಲೆ ಕೂತಿತು. ಮುಗಿಯಿತು, ಎಂದುಕೊಂಡ. ರೈಲು ಹಳಿ ಮುಗಿಯುವ ಊರಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಸ್ಟೋವ್ ಹಚ್ಚುವುದು ಕಣ್ಣಿಗೆ ಕಟ್ಟಿತು.

"ನಿಲ್ಲಿಸ್ರೀ," ಎಂದರು ಸಾಹೇಬರು. ಅವರ ದನಿ ಯಾಕೋ ನಡುಗುತ್ತಿತ್ತು. ತಮ್ಮ ಚೀಲದಿಂದ ಒಂದು ಕೋಲು ಎಳೆದು ಕೊಟ್ಟರು. "ಮೊದಲು ನಿಂತಿದ್ರಲ್ಲ, ಅದೇ ಕಡೆ ನಿಲ್ಲಿ. ಇದರಲ್ಲಿ ಹೊಡೀರಿ."

ಈ ಕೋಲಿನ ಮುಖ ಸರಿಯಾಗಿ ಚೆಂಡನ್ನೇ ನೋಡುತ್ತಿತ್ತು. ಇನ್ನು ಆದದ್ದಾಗಲಿ ಎಂದು ಹೂಂಗುಟ್ಟಪ್ಪ ಕೋಲನ್ನು ಅದರ ಪಾಡಿಗೆ ಬಿಟ್ಟ. ಟಕ್ ಎಂದಿತು. ಚೆಂಡು ಎದ್ದು, ಮರಗಳ ಮೇಲೆ ಹಾದು, ಹಸಿರಿನ ನಟ್ಟನಡುವೆ ಬಿದ್ದು ಉರುಳಿತು. ಕೋಲುಗಾರ, "ಶಹಭಾಸ್!" ಎಂದು ಕೂಗಿದ.

ಸಾಹೇಬರು ಬಂದು ಅವನ ಕೈ ಹಿಡಿದುಕೊಂಡರು. "ನಾನು ಎಡಚ ಕಣ್ರೀ. ಇಪ್ಪತ್ತು ವರ್ಷದಿಂದ ಇಲ್ಲಿ ಆಡ್ತೀನಿ. ಸಾಲಾಗಿ ನಿಂತ್ರೆ ಎಲ್ಲರ ಮುಖ ಒಂದು ಕಡೆ, ನನ್ನದೊಂದೇ ಒಂದು ಕಡೆ. ಇವತ್ತು ಮೊದಲ ಸಲ ನನ್ನ ಕಡೆ ಒಬ್ಬ ನಿಂತ."

ಇದೇ ಹೊತ್ತು ಎಂದು ಹೂಂಗುಟ್ಟಪ್ಪನಿಗೆ ಗೊತ್ತಾಯಿತು. ಜನ್ಮದಲ್ಲಿ ಮೊದಲ ಬಾರಿಗೆ ತಾನಾಗಿ ಬಾಯಿ ಬಿಟ್ಟ. "ಸರ್, ಆ ವರ್ಗದ ಆದೇಶ... ರೈಲು ಹಳಿ ಮುಗಿಯೋ ಊರು... ನನ್ನ ಹೆಸರು ಅದರಿಂದ ತೆಗೆದುಹಾಕಿದ್ರೆ ದೊಡ್ಡ ಉಪಕಾರ ಆಗುತ್ತೆ ಸರ್."

"ನಿಮ್ಮ ಹೆಸರಾ?" ಸಾಹೇಬರು ಜೇಬಿನಿಂದ ಕಾಗದ ತೆಗೆದು ಬಿಡಿಸಿದರು. "ಯಾರ್ರೀ ಹೇಳಿದ್ದು? ಇದರಲ್ಲಿರೋದು ಒಂದೇ ಹೆಸರು. ನಂದು."

ಹೂಂಗುಟ್ಟಪ್ಪ ಕಾಗದ ನೋಡಿದ. ನಿಜವಾಗಿಯೂ ಒಂದೇ ಹೆಸರಿತ್ತು. ಎದೆಯ ಮೇಲಿನ ಕಲ್ಲು ಉರುಳಿ, ಇಪ್ಪತ್ತೊಂದು ದಿನದ ನೋವೆಲ್ಲ ಒಮ್ಮೆ ಇಳಿದಂತಾಯಿತು. ಮನೆಗೆ ಹೋಗಿ ಹೆಂಡತಿಗೆ ಹೇಳಬೇಕು, ಆಮೇಲೆ ನಾಳೆಯವರೆಗೆ ಮಲಗಬೇಕು.

"ಅಲ್ಲೂ ಒಂದು ಮೈದಾನ ಇದೆಯಂತೆ," ಎನ್ನುತ್ತಿದ್ದರು ಸಾಹೇಬರು. "ಒಬ್ಬನೇ ಏನು ಆಡಲಿ ಅಂತ ಕೊರಗ್ತಿದ್ದೆ. ಜೊತೆಗೊಬ್ಬ ಸಹಾಯಕನನ್ನ ಕರ್ಕೊಂಡು ಹೋಗಬಹುದು ಅಂತ ಬರೆದಿದ್ದಾರೆ ನೋಡಿ, ಕೆಳಗೆ ಜಾಗ ಖಾಲಿ ಬಿಟ್ಟಿದ್ದಾರೆ. ಅದಕ್ಕೇ ಅವತ್ತು ಲಿಫ್ಟಲ್ಲಿ ಸಿಕ್ಕಸಿಕ್ಕೋರನ್ನೆಲ್ಲ ಗಾಲ್ಫ್ ಬರುತ್ತಾ ಅಂತ ಕೇಳಿದ್ದು. ಎಲ್ಲರೂ ಇಲ್ಲ ಅಂದ್ರು." ಎಡಗೈಯಲ್ಲಿ ಪೆನ್ನು ಹಿಡಿದು ಆ ಖಾಲಿ ಜಾಗದಲ್ಲಿ ದುಂಡಗೆ ಬರೆಯತೊಡಗಿದರು. "ಬರ್ತೀರಾ ತಾನೇ?"

"ಇ..." ಎಂದ ಹೂಂಗುಟ್ಟಪ್ಪ. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. "ಇ..."

"ಏನ್ರೀ?"

"ಇ... ಇಷ್ಟು ಬೇಗನಾ ಸರ್?"

"ಮುಂದಿನ ತಿಂಗಳು ಕಣ್ರೀ. ಬರ್ತೀರಲ್ಲ?"

"ಹೂಂ, ಸರ್."

ಮನೆ ಮುಟ್ಟುವಾಗ ಸಂಜೆಯಾಗಿತ್ತು. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ಬಾಗಿಲ ಬಳಿ ಅತ್ತೆ ಕೋಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವನು ಚಪ್ಪಲಿ ಬಿಚ್ಚಿ ನೆಲದ ಮೇಲೆಯೇ ಕುಳಿತು, ನಡೆದದ್ದನ್ನೆಲ್ಲ ಮೊದಲಿನಿಂದ ಕಡೆಯವರೆಗೆ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವ ಶಕ್ತಿಯೂ ಉಳಿದಿರಲಿಲ್ಲ.

ಹೆಂಡತಿ ಕೂಗಾಡಲಿಲ್ಲ. ಹೊಲಿಯುತ್ತಿದ್ದ ಬಟ್ಟೆಯ ದಾರ ಕತ್ತರಿಸಿ, ಅಳತೆ ಪಟ್ಟಿಯನ್ನು ನಿಧಾನವಾಗಿ ಸುತ್ತಿ ಡಬ್ಬಿಯೊಳಗಿಟ್ಟು ಮುಚ್ಚಿದಳು.

"ಆ ಊರಲ್ಲಿ ಬಚ್ಚಲು ದೂರವಾ ಅಳಿಯಂದಿರೇ?" ಎಂದಳು ಅತ್ತೆ.

"ಅಮ್ಮಾ, ನೀನು ಸುಮ್ನಿರು. ಅವರೊಬ್ರೇ ಹೋಗ್ತಾರೆ," ಎಂದಳು ಹೆಂಡತಿ. ಆಮೇಲೆ ಅವನ ಕಡೆ ತಿರುಗಿದಳು. "ಬೆಳಿಗ್ಗೇನೇ ಹೇಳ್ಲಿಲ್ವಾ ನಾನು, ಏನೋ ಉಲ್ಟಾ ಇದೆ ಅಂತ?"

"ಹೂಂ," ಎಂದ ಹೂಂಗುಟ್ಟಪ್ಪ.