ಬೇಸ್‌ಮೆಂಟಿನ ಮಿಡಿ ಉಪ್ಪಿನಕಾಯಿ

ಪದ್ಮನಾಭ ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ದೊಡ್ಡದೇನಲ್ಲ; ಶನಿವಾರ ಬೆಳಿಗ್ಗೆ ಇನ್ನೂ ಕಾಫಿ ಕುಡಿಯದ ಮನುಷ್ಯನ ಬಾಯಿಂದ ಜಾರಿಬೀಳಬಹುದಾದಷ್ಟು ಸಣ್ಣದು.

ಪಕ್ಕದ ಮನೆಯ ರಘೋತ್ತಮ ಅಂಕಲ್ ಏಣಿ ಕೇಳಲು ಬಂದಿದ್ದರು. "ನೀವು ಕೂತ್ಕೊಳ್ಳಿ ಅಂಕಲ್, ನಾನೇ ತಂದ್ಕೊಡ್ತೀನಿ" ಎಂದು ಪದ್ಮನಾಭ ಹೇಳಿ ಮುಗಿಸುವಷ್ಟರಲ್ಲಿ ಅವರು ಬೇಸ್‌ಮೆಂಟಿನ ಮೆಟ್ಟಿಲು ಇಳಿದಾಗಿತ್ತು. ಅಲ್ಲಿ ಮರದ ತೊಟ್ಟಿಲಿನಂಥ ಚೌಕಟ್ಟಿನ ಮೇಲೆ, ಜ್ವರ ಬಂದ ಮಗುವಿನಂತೆ ಒದ್ದೆ ಟವೆಲು ಹೊದ್ದು, ಒಂದು ಸ್ಟೀಲಿನ ಪೀಪಾಯಿ ಮಲಗಿತ್ತು.

"ಏನಯ್ಯ ಇದು?"

"ಅದಾ... ಮಿಡಿ ಉಪ್ಪಿನಕಾಯಿ ಅಂಕಲ್."

ಪೀಪಾಯಿಯಲ್ಲಿದ್ದದ್ದು ಬಿಯರ್. ಅಂಗಡಿಯ ಡಬ್ಬಿ ಬಿಯರಲ್ಲ, ಇಂಗ್ಲೆಂಡಿನ ಹಳೆಯ ಪದ್ಧತಿಯ ಏಲ್. ಅದಕ್ಕೆ ಸಿಲಿಂಡರಿನ ಗ್ಯಾಸ್ ತುಂಬುವಂತಿಲ್ಲ, ಐಸಿನಷ್ಟು ತಣ್ಣಗೆ ಇಡುವಂತಿಲ್ಲ. ಪೀಪಾಯಿಯೊಳಗೇ ಮೆಲ್ಲಗೆ ಹುದುಗಿ, ತನ್ನ ನೊರೆಯನ್ನು ತಾನೇ ಮಾಡಿಕೊಂಡು, ಗಸಿಯನ್ನೆಲ್ಲ ತಳಕ್ಕೆ ಇಳಿಸಿ, ತಿಳಿಯಾಗಬೇಕು. ಅದಕ್ಕೆ ಐವತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟಿನ ತಂಪು ಬೇಕು, ನಿಶ್ಶಬ್ದ ಬೇಕು, ಅಲುಗಾಟ ಕೂಡದು. ಪದ್ಮನಾಭ ಬೇಸ್‌ಮೆಂಟಿಗೆ ಹೀಟರಿನ ಗಾಳಿ ಬರುವ ಕಿಂಡಿ ಮುಚ್ಚಿದ್ದ. ಮಗಳು ತನಿಷಾ ಮೇಲಿನ ಕೋಣೆಯಲ್ಲಿ ಭರತನಾಟ್ಯ ಅಭ್ಯಾಸ ಮಾಡುವುದನ್ನೇ ಅವನು ನಿಲ್ಲಿಸಿದ್ದ. "ಬೆಸ್ಟ್ ವೀಕ್ ಎವರ್, ಡ್ಯಾಡ್" ಎಂದಿದ್ದಳು ಅವಳು.

ಇಷ್ಟೆಲ್ಲ ಯಾಕೆಂದರೆ, ಆ ಸಂಜೆ ಆರು ಗಂಟೆಗೆ ವಾಲ್ಟರ್ ಬರುವವನಿದ್ದ.

ಸ್ಟರ್ಲಿಂಗ್ ಹೈಟ್ಸಿನ ಒಂದು ಸ್ಟ್ರಿಪ್ ಮಾಲಿನಲ್ಲಿ, ಟೈರ್ ಅಂಗಡಿಗೂ ಉಗುರಿಗೆ ಬಣ್ಣ ಹಾಕುವ ಅಂಗಡಿಗೂ ನಡುವೆ ವಾಲ್ಟರನ ಪುಟ್ಟ ಬ್ರೂವರಿ ಇತ್ತು. ಪ್ರತಿ ಏಪ್ರಿಲ್‌ನಲ್ಲಿ ಅವನು ಮನೆಯಲ್ಲಿ ಏಲ್ ತಯಾರಿಸುವವರ ಬೇಸ್‌ಮೆಂಟುಗಳಿಗೇ ಹೋಗಿ ರುಚಿ ನೋಡುತ್ತಿದ್ದ. ಗೆದ್ದವರ ಏಲನ್ನು ತನ್ನ ಬ್ರೂವರಿಯಲ್ಲಿ ತಯಾರಿಸಿ, ಅದನ್ನು ಎಳೆದು ಕೊಡುವ ಕೈಪಂಪಿನ ಮೇಲೆ ಅವರ ಹೆಸರನ್ನು ಬಣ್ಣದಲ್ಲಿ ಬರೆಸುತ್ತಿದ್ದ. ಏಲ್ ಕೆಟ್ಟು ಬಂದವರನ್ನೂ ಮರೆಯುತ್ತಿರಲಿಲ್ಲ. ಅವರ ಕಲಕು ಗ್ಲಾಸಿನ ಫೋಟೋ, ಕೆಳಗೆ ಹೆಸರು ಸಹಿತ, ಎದುರಿನ ಗೋಡೆಗೆ ಹೋಗುತ್ತಿತ್ತು. ಆ ಗೋಡೆಗೆ ಗಿರಾಕಿಗಳು 'ಕೆಸರಿನ ಗೋಡೆ' ಎನ್ನುತ್ತಿದ್ದರು.

ಪದ್ಮನಾಭ ಇಪ್ಪತ್ತು ವರ್ಷದಿಂದ ಕಾರಿನ ಬಾಗಿಲಿನ ಕೀಲು ಡಿಸೈನ್ ಮಾಡುತ್ತಿದ್ದ. ಲಕ್ಷಾಂತರ ಜನ ದಿನಾ ಅವನ ಕೀಲುಗಳನ್ನು ತೆರೆದು, ಮುಚ್ಚಿ, ಸಿಟ್ಟು ಬಂದಾಗ ದಡಾರನೆ ಬಡಿಯುತ್ತಿದ್ದರು. ಒಬ್ಬರಿಗೂ ಅವನ ಹೆಸರು ಗೊತ್ತಿರಲಿಲ್ಲ. ಒಂದೇ ಒಂದು ಕೈಪಂಪಿನ ಮೇಲೆ 'ಪದ್ಮನಾಭ' ಎಂದಿದ್ದರೆ ಸಾಕು, ಈ ಜನ್ಮಕ್ಕೆ ಬೇರೇನೂ ಬೇಡ ಎಂದುಕೊಂಡಿದ್ದ.

ಆದರೆ ರಘೋತ್ತಮ ಅಂಕಲ್‌ಗೆ ಇದನ್ನು ಹೇಳುವುದು ಹೇಗೆ? ಕನ್ನಡ ಕೂಟದ ಪಿಕ್‌ನಿಕ್ಕಿನಲ್ಲಿ ಯುವಕರ ಕೋಕ್ ಡಬ್ಬಿಗಳನ್ನು ಮೂಸಿ ನೋಡುತ್ತಿದ್ದವರು ಅವರು.

"ಮಿಡಿ ಉಪ್ಪಿನಕಾಯಿ!" ಅಂಕಲ್ ಮುಖ ದೀಪ ಹಚ್ಚಿದಂತಾಯಿತು. "ಮಿಡಿ ಎಲ್ಲಿ ಸಿಕ್ತಯ್ಯ ನಿಂಗೆ?"

"ಫ್ಲೋರಿಡಾ ಅಂಕಲ್. ಫ್ರೆಂಡ್ ಕಳಿಸಿದ."

"ಇಡೀ ಪೀಪಾಯೀನಾ!"

ಅವರು ಏಣಿ ಮರೆತು, ಎಲ್ಲರಿಗೂ ಫೋನ್ ಮಾಡಲು ಮನೆಗೆ ಓಡಿದರು.

ವಿಷಯ ಕೇಳಿ ಹೆಂಡತಿ ಇಂದುಮತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ರೀ, ಸುಳ್ಳು ಹೇಳೋದೇ ಆದ್ರೆ ಯಾರಿಗೂ ಬೇಡದ ವಸ್ತು ಹೇಳಬೇಕಿತ್ತು. ಪೇಂಟು ಅನ್ನಿ, ಗೊಬ್ಬರ ಅನ್ನಿ. ಮಿಡಿ ಉಪ್ಪಿನಕಾಯಿ ಅಂದ್ರೆ ಯಾರ್ ಬಿಡ್ತಾರೆ?"

ಅವಳ ಮಾತು ಮುಗಿಯುವ ಮೊದಲೇ ಕಾಲಿಂಗ್ ಬೆಲ್ ಆಯಿತು. ಹಿಂದಿನ ಬೀದಿಯ ಭಾನು ಆಂಟಿ. ಕೈಯಲ್ಲಿ ಸ್ಟೀಲ್ ಡಬ್ಬಿ.

"ಜಾಸ್ತಿ ಬೇಡಪ್ಪ, ಹತ್ತು ಮಿಡಿ ಕೊಡು ಸಾಕು. ಮೊಸರನ್ನಕ್ಕೆ."

"ಆಂಟಿ, ಅದು ಇನ್ನೂ ಮಾಗಿಲ್ಲ..."

"ನಾನೇನು ಅವಸರದಲ್ಲಿ ಬಂದಿಲ್ಲ" ಎಂದು ಅವರು ಸೋಫಾದಲ್ಲಿ ಕೂತರು.

ಮುಂದೆ ಹತ್ತಿರದ ಊರು ಟ್ರಾಯ್‌ನಿಂದ ಕಲ್ಲಿನಾಥರು ಬಂದರು. ಕೈಯಲ್ಲಿದ್ದದ್ದು ಡಬ್ಬಿಯಲ್ಲ, ಮುಚ್ಚಳವಿದ್ದ ಬಕೆಟ್ಟು. "ಏನ್ರೀ ಪದ್ಮನಾಭರ, ಮಿಡಿ ಉಪ್ಪಿನಕಾಯಿ ಹಾಕೀರಂತ? ಕೇಳಿದ ಕೂಡ್ಲೇ ಕಾರು ತಾನ ಈ ಕಡೆ ತಿರುಗಿತ್ ನೋಡ್ರಿ!"

ಮಧ್ಯಾಹ್ನದ ಹೊತ್ತಿಗೆ ಫೋನ್. ಶಿಕಾಗೋ ಕಡೆಯ ಹಾಫ್‌ಮನ್ ಎಸ್ಟೇಟ್ಸಿನಲ್ಲಿರುವ ಇಂದುಮತಿಯ ಚಿಕ್ಕಪ್ಪನ ಮಗ ಗಿರೀಶ. "ಭಾವ, ಡೆವನ್ ಅವೆನ್ಯೂ ಇಂಡಿಯನ್ ಅಂಗಡಿಗಳನ್ನ ಪೂರ್ತಿ ಹುಡುಕಿದೀನಿ, ಆ ಪರಿಮಳದ ಮಿಡಿ ಎಲ್ಲೂ ಇಲ್ಲ. ನಂಗೊಂದು ಬಾಟಲ್ ಎತ್ತಿಡಿ. ಈಗಷ್ಟೇ ಕಲಮಝೂ ದಾಟಿದೆ."

"ದಾಟಿದೆ ಅಂದ್ರೆ? ಡ್ರೈವ್ ಮಾಡ್ಕೊಂಡು ಬರ್ತಾ ಇದೀಯಾ?"

"ಮತ್ತೇನು, ಉಪ್ಪಿನಕಾಯಿ ಅದಾಗಿ ನಡ್ಕೊಂಡು ಬರತ್ತಾ?"

ಪದ್ಮನಾಭ ಫೋನ್ ಇಟ್ಟು ಕುಳಿತ. ಸತ್ಯ ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಸತ್ಯ ಹೇಳಿದರೆ ರಘೋತ್ತಮ ಅಂಕಲ್ ಭಾಷಣ ಶುರುಮಾಡುತ್ತಾರೆ, ಅದು ಆರು ಗಂಟೆಗೆ ಮುಗಿಯುವುದಿಲ್ಲ. ವಾಲ್ಟರ್ ಬಂದು ಹೋಗಲಿ, ಆಮೇಲೆ ಏನಾದರೂ ಆಗಲಿ ಎಂದುಕೊಂಡು ಎದ್ದು ನಿಂತು ಘೋಷಿಸಿದ: "ಎಲ್ಲಾರೂ ಸಂಜೆ ತನಕ ತಡ್ಕೊಬೇಕು. ಅದಕ್ಕೆ ಮುಂಚೆ ಮುಚ್ಚಳ ತೆಗೆದ್ರೆ ಕೆಟ್ಟುಹೋಗತ್ತೆ. ಅಲ್ಲಾಡಿಸೋ ಹಾಗೂ ಇಲ್ಲ."

"ತೆಗೀಬಾರ್ದು, ಸರಿ" ಎಂದರು ಭಾನು ಆಂಟಿ. "ಅಲ್ಲಾಡಿಸಬಾರ್ದು ಅಂದ್ರೆ? ಯಾವ ಉಪ್ಪಿನಕಾಯಿ ಅದು?"

"ಹೊಸಾ ಪದ್ಧತಿ ಆಂಟಿ."

ಇಂದುಮತಿ ಅವಲಕ್ಕಿ ಒಗ್ಗರಣೆ ಹಾಕಲು ಒಳಗೆ ಹೋದಳು. ಪದ್ಮನಾಭ ಕಾಫಿ ಹಂಚುತ್ತಿದ್ದ. ಆಗ ಕಾಲ ಕೆಳಗೆ, ನೆಲದಡಿಯಲ್ಲಿ, ಗಡಗಡ ಗಡಗಡ ಎಂದು ಗುಡುಗಿದ ಸದ್ದು ಕೇಳಿತು. ಲೋಟದೊಳಗಿನ ಕಾಫಿಯಲ್ಲಿ ಅಲೆ ಎದ್ದಿತು. ಅವನು ಲೋಟ ಇಟ್ಟು ಕೆಳಗೆ ಓಡಿದ.

ರಘೋತ್ತಮ ಅಂಕಲ್ ಯಾವಾಗಲೋ ಹಿಂಬಾಗಿಲಿನಿಂದ ಬೇಸ್‌ಮೆಂಟಿಗೆ ಇಳಿದಿದ್ದರು. ಪೀಪಾಯಿಯನ್ನು ಕಾರ್ಪೆಟ್ಟಿನ ಮೇಲೆ ಇಳಿಸಿ, ಪಂಚೆ ಎತ್ತಿ ಕಟ್ಟಿ, ಎರಡೂ ಕೈಯಲ್ಲಿ ಗೋಡೆಯಿಂದ ಗೋಡೆಗೆ ಉರುಳಿಸುತ್ತಿದ್ದರು. ಉರುಳುಸೇವೆಯನ್ನು ಬೇರೆಯವರ ಕೈಯಲ್ಲಿ ಮಾಡಿಸುವ ಉತ್ಸಾಹ ಅವರ ಮುಖದಲ್ಲಿತ್ತು.

"ಅಂಕಲ್! ಅಯ್ಯೋ! ನಿಲ್ಲಿಸಿ!"

"ನೀನು ಸುಮ್ನಿರಯ್ಯ. ಅಲ್ಲಾಡಿಸೋ ಹಾಗಿಲ್ಲವಂತೆ! ಉಪ್ಪೆಲ್ಲ ತಳ ಹಿಡಿದಿರತ್ತೆ, ಮೇಲಿನ ಮಿಡಿಗೆ ಬೂಸಲು ಬರತ್ತೆ. ನಮ್ಮಮ್ಮ ಭರಣೀನ ದಿನಾ ಹೊರಳಿಸ್ತಾ ಇದ್ಲು, ಗೊತ್ತಾ?"

ಪೀಪಾಯಿಯ ಮೇಲಿನ ಮರದ ಬೆಣೆಯ ಸಂದಿನಿಂದ ಉಸ್ಸೆಂದು ನೊರೆ ಚಿಮ್ಮಿ ಅಂಕಲ್ಲಿನ ಸ್ವೆಟರಿಗೆ ಹಾರಿತು. ಅವರು ಮೂಸಿದರು. ಪದ್ಮನಾಭ ಕಣ್ಣು ಮುಚ್ಚಿಕೊಂಡ.

"ನೋಡಿದ್ಯಾ, ಹುದುಗ್ತಾ ಇದೆ! ಉಪ್ಪು ಕಮ್ಮಿ ಆಗಿದೆ ಕಣಯ್ಯ. ಭಾನಮ್ಮಾ, ಮನೇಲಿ ಕಲ್ಲುಪ್ಪು ಇದ್ರೆ ತರಿಸಿ. ಹಂಗೇ ಸಾಸಿವೆ ಪುಡೀನೂ!"

ಅಲ್ಲಿಂದ ಮುಂದೆ ಸಂಜೆಯವರೆಗೆ ಪದ್ಮನಾಭ ಪೀಪಾಯಿಯನ್ನು ಮತ್ತೆ ಚೌಕಟ್ಟಿನ ಮೇಲೆ ಮಲಗಿಸಿ, ಅದರ ಮುಂದೆ ಕುರ್ಚಿ ಹಾಕಿಕೊಂಡು ಬ್ಯಾಂಕಿನ ಕಾವಲುಗಾರನಂತೆ ಕೂತ. ಮೇಲೆ ಅವಲಕ್ಕಿ ಮುಗಿದು ಕೋಸಂಬರಿ ಬಂತು, ಕೋಸಂಬರಿ ಮುಗಿಯುವಷ್ಟರಲ್ಲಿ ಗಿರೀಶನೂ ಬಂದಿಳಿದು ಹಾಡು ಶುರುವಾಯಿತು. ಭಾನು ಆಂಟಿ ಎರಡು ಸಲ ಉಪ್ಪಿನ ಪೊಟ್ಟಣ ಹಿಡಿದು ಮೆಟ್ಟಿಲು ಇಳಿದರು. ಎರಡು ಸಲವೂ ಅವನು ಪೀಪಾಯಿಯನ್ನು ತಬ್ಬಿಕೊಂಡ.

"ಡ್ಯಾಡ್, ಆರ್ ಯೂ ಓಕೆ?" ಎಂದಳು ತನಿಷಾ, ಮೆಟ್ಟಿಲ ತುದಿಯಿಂದ.

"ಇಲ್ಲಮ್ಮ."

"ಕೂಲ್" ಎಂದು ಹೋದಳು.

ಅವನಿಗೆ ಗೊತ್ತಿತ್ತು. ದಿನಗಟ್ಟಲೆ ತಳಕ್ಕೆ ಇಳಿದಿದ್ದ ಗಸಿಯೆಲ್ಲ ಈಗ ಒಳಗೆ ಜಾತ್ರೆಯ ಧೂಳಿನಂತೆ ಸುತ್ತುತ್ತಿದೆ. ಆರು ಗಂಟೆಗೆ ವಾಲ್ಟರನ ಗ್ಲಾಸಿಗೆ ಬರುವುದು ಏಲ್ ಅಲ್ಲ, ಹುಣಸೇ ನೀರು. ಕೈಪಂಪಿನ ಮಾತು ಹಾಗಿರಲಿ, ಕೆಸರಿನ ಗೋಡೆಯ ಮೇಲೆ 'ಪದ್ಮನಾಭ'. ಆಫೀಸಿನವರೆಲ್ಲ ಶುಕ್ರವಾರ ಸಂಜೆ ಹೋಗುವುದು ಅಲ್ಲಿಗೇ.

ವಾಲ್ಟರ್ ಹೇಳಿದ ಹೊತ್ತಿಗೆ ಬಂದ. ಹಿಂಬಾಗಿಲು ತೆರೆದು ಪದ್ಮನಾಭ ಅವನನ್ನು ಸದ್ದಿಲ್ಲದೆ ಒಳಗೆ ಕರೆದುಕೊಂಡ. ಆರಡಿ ಎತ್ತರ, ಪೊರಕೆಯಂಥ ಗಡ್ಡ. ಕೈಯಲ್ಲಿ ಮರದ ಸುತ್ತಿಗೆ, ಒಂದು ನಲ್ಲಿ, ಒಂದು ಗ್ಲಾಸು. ಜೇಬಿನಿಂದ ಸೀಮೆಸುಣ್ಣ ತೆಗೆದ.

"ಇಲ್ಲಿಯವರೆಗೆ ವಿಳಾಸ ಮಾತ್ರ ಕೇಳಿದ್ದೆ, ಪಕ್ಷಪಾತ ಆಗಬಾರದಲ್ಲ" ಎಂದ ಅವನು ಇಂಗ್ಲಿಷಿನಲ್ಲಿ. "ಈಗ ಹೆಸರು ಹೇಳು. ನಲ್ಲಿ ಬಡಿಯುವ ಮುಂಚೆಯೇ ಪೀಪಾಯಿಯ ಮೇಲೆ ಬರೆಯುವುದು ನನ್ನ ನಿಯಮ. ರುಚಿ ನೋಡಿದ ಮೇಲೆ ಜನ ಹೆಸರು ಬದಲಾಯಿಸುತ್ತಾರೆ. ಒಮ್ಮೆ ಬರೆದರೆ ಮುಗಿಯಿತು. ಏನಿದ್ದರೂ ಅವರದೇ."

ಪದ್ಮನಾಭ ಪೀಪಾಯಿ ನೋಡಿದ. ವಾಲ್ಟರನ ಜೇಬಿನಿಂದ ಇಣುಕುತ್ತಿದ್ದ ಫೋನಿನ ಕ್ಯಾಮೆರಾ ನೋಡಿದ. ಮೇಲಿನಿಂದ ರಘೋತ್ತಮ ಅಂಕಲ್ಲಿನ ಧ್ವನಿ ಕೇಳಿಸುತ್ತಿತ್ತು: "ನಾನು ಹೊರಳಿಸದೇ ಇದ್ದಿದ್ರೆ ಪೂರ್ತಿ ಪೀಪಾಯಿ ಹಾಳಾಗ್ತಿತ್ತು!"

ಅವನಿಗೆ ಒಮ್ಮೆಲೇ ಬೆಳಕು ಕಂಡಂತಾಯಿತು.

"ಇದು ನಂದಲ್ಲ ವಾಲ್ಟರ್" ಎಂದ. "ನಾನು ಜಾಗ ಕೊಟ್ಟಿದೀನಿ ಅಷ್ಟೆ. ಇದನ್ನು ಮಾಡಿದ್ದು ನನ್ನ ಪಕ್ಕದ ಮನೆಯವರು. ರಘೋತ್ತಮ ಅಂತ."

ವಾಲ್ಟರ್ ಮೂರು ಸಲ ಉಚ್ಚರಿಸಿ, ಮೂರು ಸಲವೂ ಸೋತು, ಕೊನೆಗೆ ತೋಚಿದಂತೆ ದೊಡ್ಡದಾಗಿ ಬರೆದ. ಸುತ್ತಿಗೆಯಿಂದ ಒಂದೇ ಏಟಿಗೆ ನಲ್ಲಿ ಬಡಿದ. ಮೊದಲ ಗುಟುಕಷ್ಟನ್ನು ಚೆಲ್ಲಿ, ಗ್ಲಾಸು ತುಂಬಿಸಿ, ದೀಪಕ್ಕೆ ಹಿಡಿದ.

ಪದ್ಮನಾಭ ಬೇಡವೆಂದುಕೊಂಡೇ ನೋಡಿದ.

ಏಲ್ ದೇವರ ಮನೆಯ ಹಿತ್ತಾಳೆ ದೀಪದ ಬಣ್ಣಕ್ಕಿತ್ತು. ಅದರ ಮೂಲಕ ವಾಲ್ಟರನ ಗಡ್ಡದ ಒಂದೊಂದು ಕೂದಲೂ ಕಾಣುತ್ತಿತ್ತು.

ವಾಲ್ಟರ್ ಕುಡಿದ. ಇನ್ನೊಮ್ಮೆ ಕುಡಿದ. "ಇದನ್ನು ಇವತ್ತು ಯಾರೋ ಹೊರಳಿಸಿದ್ದಾರೆ, ಅಲ್ಲವಾ?"

"ಹೌದು... ಮಧ್ಯಾಹ್ನ... ಅವರೇ."

"ಗೊತ್ತಾಯಿತು! ತಿಳಿಯಾಗಲು ಹಾಕುವ ಅಂಟು ತಳದಲ್ಲೇ ನಿದ್ದೆ ಹೊಡೆಯುತ್ತಿರುತ್ತದೆ. ಕೆಲವು ಗಂಟೆ ಮುಂಚೆ ಚೆನ್ನಾಗಿ ಹೊರಳಿಸಿದರೆ ಎದ್ದು ಬಂದು ಗಸಿಯನ್ನೆಲ್ಲ ಹಿಡಿದು ಕೆಳಕ್ಕೆ ಎಳೆಯುತ್ತದೆ. ಹೊಸಬರು ಹೆದರಿಕೊಂಡು ಪೀಪಾಯಿಯನ್ನು ಮಗುವಿನ ಹಾಗೆ ಮಲಗಿಸಿಡುತ್ತಾರೆ, ಕೆಸರು ಕುಡಿಸುತ್ತಾರೆ. ಇವರು ಕಸುಬು ಬಲ್ಲವರು. ಈ ವರ್ಷದ ಕೈಪಂಪು ಇವರದೇ!"

"ವಾಲ್ಟರ್, ಒಂದು ನಿಮಿಷ. ನಿಜ ಹೇಳಬೇಕು ಅಂದ್ರೆ, ಇದನ್ನು ಮಾಡಿದ್ದು ನಾನೇ."

ವಾಲ್ಟರ್ ಬೇಸ್‌ಮೆಂಟು ನಡುಗುವಂತೆ ನಕ್ಕ. "ನೋಡಿದೆಯಾ? ಇದಕ್ಕೇ ನಾನು ಮೊದಲೇ ಬರೆದುಕೊಳ್ಳುವುದು!"

ಆ ನಗೆಗೆ ಮೇಲಿದ್ದವರೆಲ್ಲ ಡಬ್ಬಿ, ಬಕೆಟ್ಟು ಹಿಡಿದು ದಡದಡ ಇಳಿದು ಬಂದರು. ಮುಂದೆ ರಘೋತ್ತಮ ಅಂಕಲ್. ಯಾರೆಂದು ತಿಳಿದದ್ದೇ ವಾಲ್ಟರ್ ಅವರನ್ನು ತಬ್ಬಿ ನೆಲದಿಂದ ಒಂದಡಿ ಎತ್ತಿದ. "ಇಂಥ ಏಲ್ ಕುಡಿದು ಎಷ್ಟು ವರ್ಷವಾಗಿತ್ತು, ಸರ್!"

ಎಲ್ಲರೂ ಪೀಪಾಯಿಯ ನಲ್ಲಿಯ ಕಡೆ ನೋಡಿದರು.

"ಏಲ್ ಅಂದ್ರೆ?" ಎಂದರು ಭಾನು ಆಂಟಿ.

"ಬಿಯರ್ ಆಂಟಿ" ಎಂದ ಪದ್ಮನಾಭ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಅಂದ್ರೆ ಮಿಡಿ?"

"ಇಲ್ಲ."

"ಒಂದೂ?"

"ಒಂದೂ ಇಲ್ಲ."

ಕಲ್ಲಿನಾಥರು ಬಕೆಟ್ಟನ್ನು ನಿಧಾನವಾಗಿ ನೆಲಕ್ಕಿಟ್ಟರು. "ನೋಡ್ರಿ ಪದ್ಮನಾಭರ, ಕುಡಿಯೂದು ಬಿಡೂದು ಅವರವರ ಇಚ್ಛಾ. ನಾ ಏನೂ ಅನ್ನೂದಿಲ್ಲ. ಆದ್ರ ಉಪ್ಪಿನಕಾಯಿ ವಿಷಯದಾಗ ಮನುಷ್ಯಾ ಸುಳ್ಳ ಹೇಳ್ತಾನಂದ್ರ... ಛೇ!"

ಎಲ್ಲರೂ ರಘೋತ್ತಮ ಅಂಕಲ್ಲಿನ ಕಡೆ ತಿರುಗಿದರು. ಅಂಕಲ್ ಪೀಪಾಯಿಯ ಮೇಲಿನ ಸೀಮೆಸುಣ್ಣದ ಅಕ್ಷರಗಳನ್ನು ನೋಡುತ್ತಿದ್ದರು. ಅವರ ಮುಖ ಕೆಂಪಾಯಿತು. ಪದ್ಮನಾಭ ಭಾಷಣಕ್ಕೆ ಸಿದ್ಧನಾದ. ಭಾಷಣದ ಕೊನೆಗೆ ಅಂಕಲ್ ಆ ಹೆಸರನ್ನು ಉಜ್ಜಿ ಹಾಕುತ್ತಾರೆಂಬ ಒಂದು ಎಳೆಯಷ್ಟು ಆಸೆಯೂ ಅವನಿಗಿತ್ತು.

"ಇದನ್ನ ಎಲ್ಲಿ ಬರೀತಾರಂತೆ?" ಎಂದರು ಅಂಕಲ್.

"ಬ್ರೂವರೀಲಿ ಅಂಕಲ್. ಕೈಪಂಪಿನ ಮೇಲೆ. ಬಣ್ಣದಲ್ಲಿ."

"ಎಷ್ಟು ದಿನ ಇರತ್ತೆ?"

"ವರ್ಷಪೂರ್ತಿ."

ಅಂಕಲ್ ಕನ್ನಡಕ ಒರೆಸಿ ಹಾಕಿಕೊಂಡರು. ವಾಲ್ಟರನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಪೀಪಾಯಿಯ ಮೇಲೆ ಬಾಗಿ, ತಪ್ಪಿದ್ದ ಎರಡು ಅಕ್ಷರಗಳನ್ನು ಜಾಗ್ರತೆಯಿಂದ ತಿದ್ದಿದರು. "ನಾನು ಕುಡಿಯೋನಲ್ಲ, ಎಲ್ಲಾರಿಗೂ ಗೊತ್ತು" ಎಂದರು. "ಆದ್ರೆ ಹೊರಳಿಸಿದ್ದು ನಾನೇ ಅನ್ನೋದೂ ನಿಜ ತಾನೇ?"

ಮುಂದಿನ ತಿಂಗಳು ಮೊದಲ ಗ್ಲಾಸು ಎಳೆಯುವ ದಿನ ಖುದ್ದಾಗಿ ಬರಲೇಬೇಕೆಂದು ವಾಲ್ಟರ್ ಅವರ ಕೈ ಕುಲುಕಿದ. ಊರಿಗೆಲ್ಲ ಉಚಿತ ಏಲ್, ಸ್ಥಳೀಯ ಪತ್ರಿಕೆಯವರು, ಫೋಟೋ.

"ನಂಗೆ ಕತ್ತಲಾದ ಮೇಲೆ ಕಾರು ಓಡಿಸಕ್ಕೆ ಆಗಲ್ಲ" ಎಂದು ಅಂಕಲ್ ಯೋಚಿಸಿ, ಪದ್ಮನಾಭನ ಹೆಗಲ ಮೇಲೆ ಕೈಯಿಟ್ಟರು. "ಇವನು ಕರ್ಕೊಂಡು ಬರ್ತಾನೆ. ಆದ್ರೆ ಈಗಲೇ ಹೇಳ್ಬಿಡ್ತೀನಿ ಕಣಯ್ಯ, ಡ್ರೈವ್ ಮಾಡೋನು ಅಲ್ಲಿ ಒಂದು ಹನಿ ಮುಟ್ಟೋ ಹಾಗಿಲ್ಲ."