ಅಪ್ಪಣೆಗೆ ಕಾದಿದ್ದ ಅರವತ್ತು ಜನ

ಡಾಕ್ಟರ್ ಕೆಲಸದಿಂದ ನಿವೃತ್ತಿಯಾದ ಮೇಲೆ ನೆಮ್ಮದಿಯಾಗಿ ಇರುತ್ತೇನೆ ಅಂದುಕೊಂಡಿದ್ದೆ. ಆದರೆ ಬೇರೆಯವರಿಗೆ ಬಂದ ಪತ್ರ ಓದುವ ಚಟ ಅಂಟಿಸಿಕೊಂಡವರಿಗೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ನನಗೆ ಆಗಿದ್ದನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮ್ಮಿಷ್ಟ.

ಡಾಕ್ಟರ್ ಅಕ್ಷರ

ಆಸ್ಟಿನ್‌ನಲ್ಲಿ ಹಳೆಯ ದಾಖಲೆ ಇಡುವ ಒಂದು ಕಡೆ ವಾಲಂಟಿಯರ್‌ಗಳು ಬೇಕೆಂದಿದ್ದರು. ಅಮೆರಿಕದ ಸೈನ್ಯ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದ ಪತ್ರಗಳು. ಯಾವ ತುಕಡಿ ಎಲ್ಲಿಂದ ಎಲ್ಲಿಗೆ ಹೊರಡಬೇಕು, ಯಾರು ತಲುಪಿದರು, ಯಾರು ತಲುಪಲಿಲ್ಲ, ಇಂಥವೇ. ಓದಿ ಟೈಪ್ ಮಾಡಬೇಕು. ಅಲ್ಲಿನ ಮೇಲ್ವಿಚಾರಕಿ, ಇಬ್ಬರು ಪ್ರೊಫೆಸರುಗಳು ಕೈಚೆಲ್ಲಿದ್ದ ಪತ್ರವನ್ನು ಪರೀಕ್ಷೆಗೆಂದು ನನ್ನ ಮುಂದಿಟ್ಟಳು. ನಾನು ಸರಾಗವಾಗಿ ಓದಿದೆ. ಬರೆದವನು ಒಬ್ಬ ಕ್ಯಾಪ್ಟನ್. “ಅರವತ್ತು ಜನ ನದಿ ದಂಡೆಯ ಕೋಟೆ ತಲುಪಿದ್ದೇವೆ. ಯಾರ ಕಾಲಲ್ಲೂ ಬೂಟಿಲ್ಲ. ಮುಂದಿನ ಅಪ್ಪಣೆಗೆ ಕಾಯುತ್ತಿದ್ದೇವೆ.”

“ಹೇಗೆ ಓದಿದಿರಿ?” ಅಂದಳು ಆಕೆ.

“ಮೂವತ್ತೈದು ವರ್ಷ ಬೇರೆ ಡಾಕ್ಟರುಗಳು ಬರೆದ ಚೀಟಿ ಓದಿದ್ದೇನಮ್ಮ. ಇದು ಮುತ್ತು ಪೋಣಿಸಿದ ಹಾಗಿದೆ.”

ರಾಕೆಟ್ ಇಂಜಿನಿಯರ್

ಪತ್ರಗಳ ಸ್ಕ್ಯಾನ್ ಪ್ರತಿಗಳನ್ನು ಕ್ಲಿಯರ್ ಲೇಕ್‌ನ ನಮ್ಮ ಮನೆಗೆ ತಂದೆ. ಅದೇ ಕ್ಯಾಪ್ಟನ್ನನ ಪತ್ರಗಳು ಹನ್ನೊಂದಿದ್ದವು. ಎಲ್ಲದರಲ್ಲೂ ಒಂದೇ ಮಾತು: “ಅಪ್ಪಣೆ ಬಂದಿಲ್ಲ. ಹಿಮ ಬೀಳುತ್ತಿದೆ. ಇನ್ನೂ ಇಲ್ಲೇ ಇದ್ದೇವೆ.” ಉತ್ತರ ಎಲ್ಲೂ ಇಲ್ಲ. ಹೇಗಾದರೂ ಆ ಉತ್ತರ ಹುಡುಕಲೇಬೇಕು ಅನ್ನಿಸಿತು.

ಹನ್ನೊಂದನೆಯದನ್ನು ಟೈಪ್ ಮಾಡಿ ಮುಗಿಸಿದೆ. ಮಟಮಟ ಮಧ್ಯಾಹ್ನ. ಮಹಡಿಯ ಮೇಲೆ ಸದ್ದು. ಬರಿಗಾಲಲ್ಲಿ ಹಲವರು ಒಟ್ಟಿಗೆ ಹೆಜ್ಜೆ ಹಾಕಿದ ಸದ್ದು. ಕಿಟಕಿಯವರೆಗೆ ಹೋಯಿತು, ನಿಂತಿತು, ತಿರುಗಿ ಬಂತು. ಮನೆಯಲ್ಲಿದ್ದವರು ನಾನು, ನಮ್ಮ ಯಜಮಾನರು ಇಬ್ಬರೇ, ಇಬ್ಬರೂ ಕೆಳಗಿದ್ದೆವು.

“ಎಸಿ ಗಾಳಿ ಬರೋ ಡಕ್ಟು ಕಣೇ,” ಅಂದರು ಯಜಮಾನರು.

“ಎಸಿ ಬೆಳಗ್ಗೆಯಿಂದ ಆಫ್ ಆಗಿದೆ ರೀ. ಹೋಗಿ ನೋಡಿ. ಮೂವತ್ತು ವರ್ಷ ರಾಕೆಟ್ ಹಾರಿಸಿದವರು ನೀವು!”

“ನಾನು ಮೇಲಕ್ಕೆ ಕಳಿಸ್ತಿದ್ದೆ ಅಷ್ಟೇ. ನಾನೇ ಹೋಗ್ತಿರಲಿಲ್ಲ.”

ಕ್ಯಾರಲ್ಟನ್ ಧೈರ್ಯ

ಡಲ್ಲಾಸ್ ಹತ್ತಿರ ಕ್ಯಾರಲ್ಟನ್‌ನಲ್ಲಿ ನನಗೊಬ್ಬ ಹುಬ್ಬಳ್ಳಿ ಗೆಳತಿ ಇದ್ದಾಳೆ. ಯಾವುದಕ್ಕೂ ಜಗ್ಗುವವಳಲ್ಲ. ಫೋನ್ ಮಾಡಿ ಎಲ್ಲ ಹೇಳಿದೆ. ಆ ಸದ್ದು ಆಗ ದಿನಾ ಬರುತ್ತಿತ್ತು.

“ಉತ್ತರ ಇಲ್ಲದ ಪತ್ರ ಮನ್ಯಾಗ ಇಟ್ಕೊಂಡ್ರ ಮತ್ತೇನ್ ಆಗತೈತ್ರಿ? ಅವರು ನಿಂತಾರ, ಅಪ್ಪಣಿ ಬೇಕಾಗೈತಿ. ಹುಡುಕಿ ಓದಿ ಹೇಳ್ರಿ, ಹೊಂಟ ಹೋಗ್ತಾರ. ಹೆದರಬ್ಯಾಡ್ರಿ.”

“ಹಾಗಾದರೆ ನೀವೂ ಬನ್ನಿ, ಜೊತೆಗಿರಿ,” ಅಂದೆ.

“ನನ್ನ ಧೈರ್ಯ ಎಲ್ಲಾ ಫೋನಿನ್ಯಾಗಷ್ಟ ರೀ.”

ಹೋಗಿ ಬನ್ನಿ

ಮೂರು ವಾರ ಆಸ್ಟಿನ್‌ಗೆ ಹೋಗಿ ಬಂದು ಪೆಟ್ಟಿಗೆ ತಡಕಿದೆ. ಕೊನೆಗೆ ಕುದುರೆ ಮೇವಿನ ಲೆಕ್ಕದ ಪತ್ರಗಳ ಮಧ್ಯೆ ಆ ಕ್ಯಾಪ್ಟನ್ನನ ಹೆಸರಿಗೆ ಬರೆದ ಉತ್ತರ ಸಿಕ್ಕಿತು. ಅರಗಿನ ಮುದ್ರೆ ಒಡೆದಿರಲೇ ಇಲ್ಲ. ಯಾರೋ ಪುಣ್ಯಾತ್ಮ ಬರೆದು, ಕಳಿಸುವುದನ್ನೇ ಮರೆತಿದ್ದ. ಮೇಲ್ವಿಚಾರಕಿ ತೆಳ್ಳನೆ ಚಾಕುವಿನಿಂದ ಬಿಡಿಸಿದಳು. “ಕೂಡಲೇ ಹೊರಡಿ. ದಾರಿಯ ಪಟ್ಟಣದಲ್ಲಿ ಎಲ್ಲರಿಗೂ ಬೂಟು ಸಿಗುತ್ತದೆ. ಅಲ್ಲಿಂದ ಮನೆಗೆ.” ನನಗೆ ಕಣ್ಣು ತುಂಬಿ ಬಂತು.

ಮನೆಗೆ ಬಂದವಳೇ ಮೆಟ್ಟಿಲ ಬುಡದಲ್ಲಿ ನಿಂತು ಅದರ ನಕಲನ್ನು ಗಟ್ಟಿಯಾಗಿ ಓದಿದೆ. ಮೇಲೆ ಹೆಜ್ಜೆಗಳು ಒಟ್ಟುಗೂಡಿದವು. ಒಂದೊಂದೇ ಮೆಟ್ಟಿಲು ಕಿರ್ರೆಂದಿತು. ತಣ್ಣನೆಯ ಗಾಳಿ ನನ್ನ ಪಕ್ಕದಲ್ಲೇ ಬಹಳ ಹೊತ್ತು ಹಾದುಹೋಯಿತು, ಅರವತ್ತು ಜನ ಹೋಗುವಷ್ಟು ಹೊತ್ತು. ಆಮೇಲೆ ಮುಂಬಾಗಿಲು ತಾನಾಗಿ ಮುಚ್ಚಿಕೊಂಡಿತು. ನಾನು ಕೈಮುಗಿದು, ಅವರಿಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲೇ, “ಹೋಗಿ ಬನ್ನಿ” ಅಂದೆ.

ನಾಲ್ಕು ದಿನ ಮನೆಯಲ್ಲಿ ಆ ಸದ್ದಿರಲಿಲ್ಲ. ಐದನೆಯ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಮಹಡಿಯ ಮೇಲೆ ಮತ್ತೆ ಸದ್ದು. ಯಜಮಾನರ ಕೈಯ ತುತ್ತು ಅಲ್ಲೇ ನಿಂತಿತು.

“ಹೊರಡುವಾಗ ಅವರಿಗೆ ಏನಂದೆ ನೀನು?”

“ಹೋಗಿ ಬನ್ನಿ ಅಂದೆ.”

“ಬರೀ ‘ಹೋಗಿ’ ಅನ್ನೋಕೆ ಏನಾಗಿತ್ತು?”

“ಮನೆಯಿಂದ ಹೊರಡೋರಿಗೆ ಹಾಗೆ ಹೇಳಿದ್ರೆ ಅಪಶಕುನ ಅಲ್ವಾ?”

“ಅವರು ಸತ್ತು ಇನ್ನೂರು ವರ್ಷ ಆಗಿದೆ ಕಣೇ! ಇನ್ಯಾವ ಅಪಶಕುನ? ಮಿಲಿಟರಿಯವರು, ಹೇಳಿದ ಹಾಗೇ ಹೋಗಿ ಬಂದಿದ್ದಾರೆ.”

ಕಿವಿಗೊಟ್ಟು ಕೇಳಿದೆ. ಈ ಸಲ ಬರಿಗಾಲಲ್ಲ. ಧಡ್ ಧಡ್ ಎಂದು ಬೂಟು, ಅದೂ ಹೊಸ ಬೂಟು. ಸದ್ಯ, ಸಿಕ್ಕಿತಲ್ಲ ಎಂದು ಒಂದು ಕ್ಷಣ ಸಂತೋಷವಾಯಿತು. ಮರುಕ್ಷಣವೇ ಪಿತ್ತ ನೆತ್ತಿಗೇರಿತು. ಮೇಲಿರುವುದು ನಮ್ಮ ದೇವರ ಕೋಣೆ. ಹೆದರಿಕೆಯೆಲ್ಲ ಮರೆತು ಮೆಟ್ಟಿಲ ಬುಡಕ್ಕೆ ಹೋಗಿ ಕೂಗಿದೆ: “ಕ್ಯಾಪ್ಟನ್! ಈ ಮನೆಯಲ್ಲಿ ಬೂಟು ಬಾಗಿಲಾಚೆ ಬಿಡಬೇಕು!”

ಸದ್ದು ನಿಂತಿತು. ಐದು ನಿಮಿಷ ಗಪ್‌ಚುಪ್. ಆಮೇಲೆ ಮತ್ತೆ ಶುರುವಾಯಿತು, ಮೆಲ್ಲಗೆ, ಬರಿಗಾಲಲ್ಲಿ.